ಮುಚ್ಚದ ಮುಚ್ಚಳ

ಗಡಿಯಾರ ರಿಪೇರಿಯವನು ತಾನೇ ಮಾಡಿದ ಮಾತ್ರೆಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅಕ್ಕನ ಪಕ್ಕ ಕೂತ. ಎದುರಿಗೆ ಪೇಟೆಂಟ್ ಕಚೇರಿಯ ಪರೀಕ್ಷಕಿ. ಇದು ಯಾರಿಗಾದರೂ ಹೊಳೆಯುವಂಥದ್ದು ಎಂದು ಆಕೆ ಅಂದುಬಿಟ್ಟರೆ ಮುಗಿಯಿತು. ಪೇಟೆಂಟ್ ಸಿಗದು, ನಾಳೆ ಯಾವ ಕಾರ್ಖಾನೆ ಬೇಕಾದರೂ ಅವನ ಪೆಟ್ಟಿಗೆಯನ್ನು ಮಾಡಿ ಮಾರಬಹುದು.

"ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡೋ ಪೆಟ್ಟಿಗೆ. ಇದು ನಿಮ್ಮದೇ ಹೊಸತು ಅಂತ ಅರ್ಜಿಯಲ್ಲಿ ಹಾಕಿರೋ ಮೊದಲನೇ ಕೋರಿಕೆ," ಎಂದಳು ಪರೀಕ್ಷಕಿ. "ಅಲಾರಮ್ ಇದೆ, ಡಬ್ಬಿ ಇದೆ. ಎರಡನ್ನೂ ಜೋಡಿಸೋಕೆ ನೀವೇ ಹುಟ್ಟಿ ಬರಬೇಕಿತ್ತಾ?"

"ಸೂಜಿ ಇದೆ, ದಾರ ಇದೆ, ಅಂತ ಎಲ್ಲರೂ ದರ್ಜಿಗಳಾ ಮೇಡಂ?"

"ಲೋ, ಅವರು ಹೇಳ್ತಿರೋದು ಸರಿಯಾಗೇ ಇದೆ," ಎಂದಳು ಅಕ್ಕ.

"ನೀನು ಯಾರ ಕಡೆ ಬಂದಿರೋದು?"

ಪರೀಕ್ಷಕಿ ನಗು ತಡೆದುಕೊಂಡು ಎರಡನೇ ಕೋರಿಕೆಗೆ ಬಂದಳು. ಮಾತ್ರೆ ತೆಗೆದ ಗೂಡಿನ ಮುಚ್ಚಳ ಮುಂದಿನ ಹೊತ್ತಿನವರೆಗೆ ತೆರೆದೇ ಇರುತ್ತದೆ; ಒತ್ತಿದರೂ ಮುಚ್ಚದು. ಸ್ಪ್ರಿಂಗ್ ಹೋದ ಅಂಥ ಡಬ್ಬಿ ನಮ್ಮನೆಯಲ್ಲೂ ಇದೆ ಎಂಬ ಮಾತು ಪರೀಕ್ಷಕಿಯ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಒಗಟು ಒಡೆದ ಮೇಲೆ ಎಲ್ಲರೂ ಜಾಣರೇ. ಅದಕ್ಕೇ ಅವಳದೊಂದು ರೂಢಿ: ಹೊಸದನ್ನು ಅಂಗೈಯಿಂದ ಮರೆಮಾಡಿ, ಹಳೆಯವನ್ನಷ್ಟೇ ನೋಡುತ್ತ, ನಾನಾಗಿದ್ದರೆ ಮುಂದೇನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳುವುದು.

ಹಾಗೇ ನೋಡಿದಳು. ಕಡತದಲ್ಲಿದ್ದ ಹಳೆಯ ಪೆಟ್ಟಿಗೆಗಳದ್ದೆಲ್ಲ ಒಂದೇ ರಾಗ: ನನ್ನ ಮುಚ್ಚಳ ತಾನಾಗೇ ಮುಚ್ಚುತ್ತದೆ, ನನ್ನದು ಇನ್ನೂ ಬಿಗಿ, ನನ್ನೊಳಗೆ ಧೂಳೂ ಹೋಗದು. ತಾನಾಗಿದ್ದರೆ ಅವಳೂ ಸ್ಪ್ರಿಂಗನ್ನು ಇನ್ನಷ್ಟು ಬಿಗಿಯೇ ಮಾಡುತ್ತಿದ್ದಳು.

"ತೆರೆದೇ ಇರಲಿ ಅಂತ ಯಾಕೆ ಅನ್ನಿಸ್ತು?"

ಅವನು ಅಕ್ಕನ ಮುಖ ನೋಡಿದ.

"ಮಾತ್ರೆ ತಗೊಳ್ಳೋದನ್ನ ನಾನು ಮರೀತಿರ್ಲಿಲ್ಲ ಕಣಮ್ಮಾ," ಎಂದಳು ಅಕ್ಕ. "ತಗೊಂಡಿದ್ದನ್ನ ಮರೀತಿದ್ದೆ. ಮುಚ್ಚಿದ ಡಬ್ಬಿ ನೋಡಿ ಇನ್ನೊಂದು ನುಂಗಿ, ತಲೆ ತಿರುಗಿ ಬಚ್ಚಲಲ್ಲಿ ಬಿದ್ದೆ. ಈಗ ಖಾಲಿ ಗೂಡು ಬಾಯಿ ಬಿಟ್ಕೊಂಡು ಕೂತಿರುತ್ತೆ. 'ಆಯ್ತಲ್ಲ, ಹೋಗೇ' ಅಂತ ಗದರಿಸಿದ ಹಾಗಿರುತ್ತೆ."

ಪರೀಕ್ಷಕಿ ಅಂಗೈ ತೆಗೆದಳು.

"ಮೊದಲನೇದನ್ನ ಕೈಬಿಡಿ, ಅದು ಯಾರಿಗಾದರೂ ಹೊಳೆಯುತ್ತೆ. ಎರಡನೇದಕ್ಕೆ ಪೇಟೆಂಟ್ ಕೊಡ್ತೀನಿ. ಎಲ್ಲರೂ ಮುಚ್ಚೋಕೆ ಹೆಣಗಾಡ್ತಿದ್ದಾಗ ತೆರೆದಿಡೋದು ಹೊಳೆದಿದ್ದು ನಿಮಗೊಬ್ಬರಿಗೇ."

"ಮರ ಕಡಿದು ಕೊಂಬೆ ಕೊಟ್ಟಂಗಾಯ್ತಲ್ಲ ಮೇಡಂ."

"ಹಣ್ಣು ಬಿಟ್ಟಿರೋದು ಆ ಕೊಂಬೇಲೇ ಕಣೋ, ಪೆದ್ದ," ಎಂದು ಅಕ್ಕ ತಮ್ಮನ ಕೈಗೆ ಪೆನ್ನು ತುರುಕಿದಳು.

ಅವನು ಮೊದಲನೇ ಕೋರಿಕೆಯ ಮೇಲೆ ಗೆರೆ ಎಳೆಯುತ್ತಿದ್ದಾಗ ಪರೀಕ್ಷಕಿ ಪೆಟ್ಟಿಗೆಯ ತೆರೆದ ಗೂಡಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಜೋರಾಗಿ ಒತ್ತಿ ನೋಡಿದಳು. ಅದು ಜಪ್ಪಯ್ಯ ಎನ್ನಲಿಲ್ಲ.