ಲೇಬಲ್ ಇಲ್ಲದ ಬಾಟಲಿಗಳು

ಲಿಡ್ವಿನ್ ಬಿಯರನ್ನು ಮೊದಲು ಮೂಸುತ್ತಾನೆ, ಆಮೇಲೆ ಬೆಳಕಿಗೆ ಹಿಡಿಯುತ್ತಾನೆ, ಆಮೇಲೆ ಭಾಷಣ ಶುರು. ಮಣಿಪಾಲದ ಪಬ್ ಒಂದರಲ್ಲಿ ಬಿಯರ್ ತಯಾರಿಸುವುದು ಅವನ ಕೆಲಸ. ಅಂಗಡಿಯ ಮಾಮೂಲಿ ಬಿಯರಿಗೆ ಅವನಿಟ್ಟ ಹೆಸರು ‘ಬಣ್ಣದ ನೀರು’. ಅವನ ಜೊತೆ ಕುಡಿಯಲು ಕೂತವರಿಗೆ ಕುಡಿಯುವುದೊಂದನ್ನು ಬಿಟ್ಟು ಉಳಿದೆಲ್ಲ ಆಗುತ್ತಿತ್ತು.

ಅಪ್ಪ ಡೊಮಿನಿಕ್‌ಗೆ ಕಾರ್ಕಳದಲ್ಲಿ ಹಾರ್ಡ್‌ವೇರ್ ಅಂಗಡಿ. ಮಗ ಬ್ಯಾಂಕಿನ ಕೆಲಸ ಬಿಟ್ಟು ಈ ಕಸುಬಿಗೆ ಇಳಿದಾಗ ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ತಾನು ಮಾಡಿದ ಬಿಯರ್ ಕುಡಿದು ಅಪ್ಪ ಒಮ್ಮೆ ‘ಲಾಯ್ಕುಂಟು’ ಅನ್ನಬೇಕು, ಲಿಡ್ವಿನ್‌ನ ಆಸೆ ಅಷ್ಟೇ.

ತಂಗಿ ಜೆಸ್ಸಿಯ ರೋಸ್ ಬಂತು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚಿ ಮೀಯಿಸುವ ಆ ಸಂಭ್ರಮಕ್ಕೆಂದೇ ಅವನು ಗೋಧಿ ಬಿಯರ್ ಮಾಡಿದ. ಬೆಳಿಗ್ಗೆಯೇ ತಂದು, ಬಿಸಿಲು ತಾಗದಿರಲಿ ಎಂದು ಬಾಟಲಿಗಳನ್ನು ಅಡಿಗೆಮನೆಯ ಮೂಲೆಯಲ್ಲಿಟ್ಟ. ಅಂಗಳದಲ್ಲಿ ಡೊಮಿನಿಕ್ ಡ್ರಮ್ಮಿಗೆ ಐಸ್ ಸುರಿದು ಬಣ್ಣದ ನೀರಿನ ಬಾಟಲಿಗಳನ್ನು ಮುಳುಗಿಸುತ್ತಿದ್ದರು. ಲಿಡ್ವಿನ್ ಅದನ್ನು ನೋಡಿ ಒಳಗೊಳಗೇ ನಕ್ಕ.

ಸಂಜೆ ಅಡಿಗೆಮನೆಗೆ ಹೋದರೆ ಬಾಟಲಿಗಳನ್ನೆಲ್ಲ ತೊಳೆದು ಬೋರಲು ಹಾಕಿದ್ದರು.

“ಆ ಶೇಂದಿಯಾ?” ಎಂದಳು ಚಿಕ್ಕಮ್ಮ ಎವ್ಲಿನ್, ಹಬೆಪಾತ್ರೆಯ ಮುಚ್ಚಳ ತೆಗೆಯುತ್ತ. “ಮಧ್ಯಾಹ್ನವೇ ಸಾನ್ನಾಂ ಹಿಟ್ಟಿಗೆ ಹಾಕಿ ಆಯಿತಲ್ಲ. ಶೇಂದಿಯವನು ಇವತ್ತು ಕೈಕೊಟ್ಟ. ನೀನು ತಂದದ್ದಕ್ಕೆ ಬಚಾವಾದೆವು ಮಾರಾಯ. ಸ್ವಲ್ಪ ಕಹಿ ಇತ್ತು, ಹಳತಾಗಿರಬೇಕೂಂತ ಸಕ್ಕರೆ ಹಾಕಿದೆ.”

ಅವಳನ್ನು ಬೈದು ಪ್ರಯೋಜನವಿಲ್ಲ. ಬಾಟಲಿಗೆ ಲೇಬಲ್ ಇಲ್ಲ, ಒಳಗಿದ್ದದ್ದು ಮಬ್ಬುಮಬ್ಬು, ತಳದಲ್ಲಿ ಗಸಿ. ಅಕ್ಕಿಹಿಟ್ಟಿಗೆ ಶೇಂದಿ ಹಾಕಿ ಇಡ್ಲಿಯಂಥ ಸಾನ್ನಾಂ ಉಬ್ಬಿಸುವ ಮನೆಯಲ್ಲಿ ಅದನ್ನು ಬೇರೆ ಏನೆಂದು ತಿಳಿಯಬೇಕು?

ಲಿಡ್ವಿನ್‌ಗೆ ಅಳು ಬರುವ ಹಾಗಾಯಿತು. ಅಂಗಳಕ್ಕೆ ಬಂದು ಅಪ್ಪನ ಎದುರು ಬರಿಗೈಯಲ್ಲಿ ಕೂತ. ಯಾರೋ ಪೋರ್ಕ್ ಬಡಿಸಿದರು, ತಿಂದ. ಮೆಣಸಿನ ಖಾರ ಕಿವಿಯವರೆಗೆ ಹತ್ತಿತು.

ಡೊಮಿನಿಕ್ ಬಿಸಿ ಸಾನ್ನಾಂ ಮುರಿದು ಬಾಯಿಗಿಟ್ಟರು. ನಿಧಾನವಾಗಿ ಜಗಿದರು.

“ಲಾಯ್ಕುಂಟು,” ಎಂದರು. “ನನ್ನಮ್ಮ ಹೋದ ಮೇಲೆ ಇಷ್ಟು ಮೆತ್ತಗಿನದ್ದು ತಿಂದೇ ಇಲ್ಲ. ಶೇಂದಿ ಯಾರು ತಂದದ್ದು?”

“ನಾನು, ಪಪ್ಪ. ಮಣಿಪಾಲದ್ದು.”

“ಮಣಿಪಾಲದಲ್ಲಿ ಶೇಂದಿ ಇಳಿಸುವವರು ಯಾರಿದ್ದಾರೆ?”

ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಬಾಯಿ ಉರಿಯುತ್ತಿತ್ತು. “ಶೇಂದಿ ಅಲ್ಲ ಪಪ್ಪ,” ಎಂದನಷ್ಟೇ. “ನಾನು ಮಾಡಿದ ಬಿಯರ್.”

ಡೊಮಿನಿಕ್ ಕೈಯಲ್ಲಿದ್ದ ತುಂಡನ್ನು ನೋಡಿದರು, ಮಗನನ್ನು ನೋಡಿದರು. “ಕುಡಿಯಲಿಕ್ಕೆ ಒಂದೂ ಉಳಿದಿಲ್ವಾ?”

“ಇಲ್ಲ. ಎಲ್ಲ ಹಿಟ್ಟಿಗೆ ಹೋಯಿತು.”

“ಛೆ!” ಡೊಮಿನಿಕ್‌ಗೆ ನಿಜವಾಗಿಯೂ ಬೇಸರವಾಗಿತ್ತು. ಡ್ರಮ್ಮಿಗೆ ಕೈಹಾಕಿ ಒಂದು ಬಾಟಲಿ ಎತ್ತಿ, ಮುಚ್ಚಳ ಹಾರಿಸಿ, ಗ್ಲಾಸಿಗೆ ಸುರಿದು ಮಗನಿಗೆ ಕೊಟ್ಟರು. “ಈಗ ಇದನ್ನೇ ಕುಡಿ. ನಿನ್ನದು ಇನ್ನೊಂದು ಸಲ ತಾ, ಹಿಟ್ಟಿಗೆ ಬೇಡ.”

ಲಿಡ್ವಿನ್ ಮೂಸಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಬಣ್ಣದ ನೀರು ಉರಿಯುವ ಗಂಟಲಲ್ಲಿ ತಣ್ಣಗೆ ಇಳಿಯಿತು. ಅದರ ಬಗ್ಗೆ ಹೇಳುವಂಥದ್ದು ಏನೂ ಇರಲಿಲ್ಲ. ಅವನು ಗ್ಲಾಸನ್ನು ಮತ್ತೆ ಮುಂದೆ ಚಾಚಿದ.

“ಇನ್ನು ಸ್ವಲ್ಪ ಹಾಕಿ ಪಪ್ಪ. ಲಾಯ್ಕುಂಟು.”