ದೇವರ ಕೋಣೆಯ ನಲವತ್ತಮೂರು

ಸಾಂಗಲಿ ಸಂಸ್ಥಾನ ಹೋಗಿ ಶಿರಹಟ್ಟಿಗೆ ಮುಂಬೈ ಸರಕಾರ ಬಂದು ಎರಡು ವರ್ಷವಾಗಿತ್ತು. ನೀಲಗಂಗವ್ವನ ಓಣಿಯಲ್ಲಿ ಮಾತ್ರ ಸರಕಾರ ಬದಲಾಗಿರಲಿಲ್ಲ. ಗಂಡ ತೀರಿದ ಮೇಲೆ ಹೊಲಮನೆ, ಒಬ್ಬನೇ ಮಗ, ಬಾಯಿಬಡಕ ಬಂಧುಬಳಗ ಎಲ್ಲವನ್ನೂ ಯಾರ ಮುಂದೂ ತಲೆ ಬಗ್ಗಿಸದೆ ಸಂಭಾಳಿಸಿದವಳು ಅವಳು. ಆ ಮನೆಯಲ್ಲಿ ಅವಳಿಗಿಂತ ದೊಡ್ಡವನೆಂದರೆ ದೇವರ ಜಗಲಿಯ ಮೇಲಿನ ವೀರಭದ್ರನೊಬ್ಬನೇ. ಅವನ ಪರವಾಗಿ ಮಾತಾಡುವವಳೂ ಅವಳೇ ಆದ್ದರಿಂದ ಅಲ್ಲಿಯೂ ಜಗಳವಿರಲಿಲ್ಲ.

ದೇವರ ಕೋಣೆಗೆ ಕಿಟಕಿಯಿಲ್ಲ. ಜಳಕ ಮಾಡಿ ಮಡಿ ಉಟ್ಟು ಅವಳೊಬ್ಬಳೇ ಒಳಗೆ ಹೋಗುವುದು ಪದ್ಧತಿ. ಸೊಸೆ ರೇಣುಕವ್ವನಿಗಂತೂ ಆ ಹೊಸ್ತಿಲು ತುಳಿಯಬಾರದೆಂದು ಅಪ್ಪಣೆಯಾಗಿ ಎರಡು ವರ್ಷ. ಎರಡು ಸಲ ಬಸುರಾಗಿ ಎರಡು ಸಲವೂ ಕೂಸು ನಿಲ್ಲಲಿಲ್ಲ. ‘ದೇವರು ಕೊಟ್ಟಿದ್ದ, ದೇವರು ಒಯ್ದ’ ಎಂದು ನೀಲಗಂಗವ್ವ ಮೊದಲು ಹೇಳಿದಳು. ಆದರೆ ತನ್ನ ವೀರಭದ್ರ ಸುಮ್ಮಸುಮ್ಮನೆ ಒಯ್ಯುವವನಲ್ಲ. ಹಾಗಾಗಿ ‘ಇಕಿ ಮೈಲಿಗಿಲೆ ಒಳಗ ಕಾಲಿಟ್ಟಿರಬೇಕು’ ಎಂದು ಎರಡನೆಯ ಮಾತು ಸೇರಿಸಿದಳು. ರೇಣುಕವ್ವ ಇಲ್ಲವೆಂದಳು. ಯಾರೂ ಕೇಳಲಿಲ್ಲ.

ಈಗ ಮೂರನೆಯದು, ಐದು ತಿಂಗಳು. ಈ ಸಲ ದೇವರ ಕಾವಲಿರಲಿ ಎಂದು ನೀಲಗಂಗವ್ವ ತಾನೇ ನಿಂತು ಸೊಸೆಯ ಹಾಸಿಗೆಯನ್ನು ದೇವರ ಕೋಣೆಯ ಬಾಗಿಲ ಮುಂದೆ ಹಾಕಿಸಿದಳು. ಆದರೂ ನಾಲ್ಕು ದಿನದ ಹಿಂದೆ ರೇಣುಕವ್ವನಿಗೆ ಚಳಿಜ್ವರ ಬಂತು. ಮೂರು ಕೌದಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿದ್ದವು.

ಅಂಥ ಒಂದು ಮುಂಜಾನೆ ಮಲೇರಿಯಾ ಖಾತೆಯ ನಜೀರಸಾಬ ಬಂದ. ಹಿಂದಿನ ತಿಂಗಳು ಊರ ಗೋಡೆಗಳಿಗೆಲ್ಲ ಡಿ.ಡಿ.ಟಿ. ಹೊಡೆದಿದ್ದವನು ಅವನೇ. ಈಗ ಬ್ಯಾಟರಿ, ನಾಲ್ಕಾರು ಗಾಜಿನ ನಳಿಗೆ, ಒಂದಿಷ್ಟು ಅರಳೆ ಹಿಡಿದು ಮನೆಮನೆಯ ಗುಂಗಾಡು, ಅಂದರೆ ಸೊಳ್ಳೆ, ಎಣಿಸುವುದು ಅವನ ಕೆಲಸ. ಗುಂಗಾಡು ಎಣಿಸುವುದಕ್ಕೂ ಸರಕಾರ ಪಗಾರ ಕೊಡುತ್ತದೆಯೇ ಎಂದು ಊರೆಲ್ಲ ನಕ್ಕಿತ್ತು. ಅವನು ರೇಣುಕವ್ವನಿಗೆ ಗುಳಿಗೆ ಕೊಟ್ಟು, ಪಡಸಾಲೆ, ಅಡಿಗೆಮನೆ, ದನದ ಕೊಟ್ಟಿಗೆ ಎಲ್ಲ ನೋಡಿ ಬಂದ.

“ಒಂದೂ ಇಲ್ರಿ ಯವ್ವಾ. ಆದರೂ ಇವರಿಗೆ ಜ್ವರ ಬಂದೈತಿ ಅಂದಮ್ಯಾಲ ಎಲ್ಲೋ ಅಡಗ್ಯಾವ. ಈ ಜ್ವರ ಹೊಟ್ಟ್ಯಾಗಿನ ಕೂಸಿಗೂ ಕೇಡ್ರಿ. ಆ ದೇವರ ಕೋಣಿಗೆ ಪುಡಿ ಹೊಡದಿಲ್ಲ ನಾವು, ನೀವು ಬಿಡಲಿಲ್ಲ.”

“ನನ್ನ ದೇವರ ಕೋಣ್ಯಾಗ ಗುಂಗಾಡ?” ನೀಲಗಂಗವ್ವ ಎದ್ದು ನಿಂತಳು. “ದಿನಾ ಸಾರಸ್ತೀನಿ, ಲೋಬಾನ ಹಾಕ್ತೀನಿ. ಕೊಡಿಲ್ಲೆ ನಿನ್ನ ಬ್ಯಾಟರಿ. ನಾನ ನೋಡ್ತೀನಿ. ಒಂದೂ ಇರಲಿಲ್ಲಂದ್ರ ಊರ ತುಂಬ ನೀನ ಹೇಳಿಕೋತ ಹೋಗಬೇಕು!”

ಮೈದುನ ಕೊಟ್ರಪ್ಪ ಕಟ್ಟೆಯ ಮೇಲೆ ಕುಳಿತು ಮೀಸೆಯಲ್ಲೇ ನಗುತ್ತಿದ್ದ. ಅವಳು ಜಳಕ ಮಾಡಿ, ಮಡಿ ಉಟ್ಟು, ಬ್ಯಾಟರಿ, ನಳಿಗೆ, ಅರಳೆ ಹಿಡಿದು ಜಂಬದಿಂದ ಒಳಗೆ ಹೋದಳು.

ಬೆಳಕು ಜಗಲಿಯ ಹಿಂದಿನ ಗೋಡೆಗೆ ಬಿತ್ತು. ಅವಳು ಮೂವತ್ತು ವರ್ಷ ಕೈಮುಗಿದಿದ್ದಳೇ ಹೊರತು ಆ ಗೋಡೆಯನ್ನು ಎಂದೂ ನೋಡಿರಲಿಲ್ಲ. ಗುಂಗಾಡುಗಳು ಹಿಂಭಾಗ ಎತ್ತಿ, ತಲೆ ತಗ್ಗಿಸಿ, ಸಾಲಾಗಿ ಕುಳಿತಿದ್ದವು. ಒಂದರ ಮೇಲೆ ನಳಿಗೆ ಮುಚ್ಚಿ ಅರಳೆ ತುರುಕಿದಳು. ಅದರ ಹೊಟ್ಟೆ ಕೆಂಪಗೆ ತುಂಬಿತ್ತು. ಆ ರಕ್ತ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಹಾಸಿಗೆ ಬಾಗಿಲಲ್ಲೇ ಇತ್ತು, ಅದನ್ನು ಹಾಕಿಸಿದವಳು ಅವಳೇ.

ಆಗ ನೆನಪುಗಳು ಒಂದೊಂದೇ ಬಂದು ಎದುರು ನಿಂತವು. ಮೊದಲನೆಯ ಕೂಸು ಹೋಗುವ ಮುಂಚೆ ಮೂರು ದಿನ ಚಳಿ. ಎರಡನೆಯದಕ್ಕೂ ಚಳಿ. ಹಾಗಾದರೆ ದೇವರು ಒಯ್ಯಲಿಲ್ಲ! ಮಾಡದ ಕಳವನ್ನು ದೇವರ ತಲೆಗೆ ಕಟ್ಟಿ, ಅದೇ ಕಳ್ಳನಿಗೆ ದಿನಾ ದೀಪ ಹಚ್ಚಿ, ಏನೂ ಅರಿಯದ ಸೊಸೆಯನ್ನು ಆ ಕಳವಿಗೆ ಹೊಣೆ ಮಾಡಿದ್ದಳು. ನೀಲಗಂಗವ್ವನಿಗೆ ನಾಚಿಕೆಯಾಯಿತು, ತಡೆಯಲಾರದಷ್ಟು ನಾಚಿಕೆ.

ಒಂದೂ ಇಲ್ಲವೆಂದು ಹೇಳಿ ಹೊರಗೆ ಬರಬಹುದಿತ್ತು. ಒಳಗೆ ಬಂದು ನೋಡುವವರು ಯಾರು? ಆದರೆ ಸುಳ್ಳು ಹೇಳಿ ಉಳಿಸಿಕೊಳ್ಳುವಂಥ ಮರ್ಯಾದೆ ಅವಳಿಗೆ ಎಂದೂ ಬೇಕಾಗಿರಲಿಲ್ಲ. ಬೆಳಕು ಹಿಡಿದು ಮೂಲೆ ಮೂಲೆ ಎಣಿಸಿದಳು. ತಪ್ಪಿತೇನೋ ಎಂದು ಮತ್ತೆ ಎಣಿಸಿದಳು.

“ನಲವತ್ತಮೂರು,” ಎಂದಳು ಹೊರಗೆ ಬಂದು.

ನಜೀರಸಾಬ ಪೆನ್ಸಿಲ್ ತೆಗೆದ. ಕೊಟ್ರಪ್ಪ ಧಡಕ್ಕನೆ ಎದ್ದ. “ಬರಿಬ್ಯಾಡೋ ಮಾರಾಯಾ! ಮನಿತನದ ಮರ್ಯಾದಿ ಪ್ರಶ್ನೆ ಐತಿ. ವೈನಿ, ನೀವರ ಹೇಳ್ರಿ.”

“ಬರಿ,” ಎಂದಳು ನೀಲಗಂಗವ್ವ. “ನೀಲಗಂಗವ್ವನ ದೇವರ ಕೋಣ್ಯಾಗ ನಲವತ್ತಮೂರು ಅಂತ ದಪ್ಪ ಅಕ್ಷರದಾಗ ಬರಿ. ಬರದು ಪಂಪ್ ತಗೊಂಡು ಬಾ. ನೀನ ಒಳಗ ಹೋಗಿ ಹೊಡಿ, ನನಗ ಕೈ ಸಾಲೂದಿಲ್ಲ.”

“ಮಡಿ ಇಲ್ದ? ದೇವರಿಗೆ ಮೈಲಿಗಿ ಆಗತೈತ್ರಿ ವೈನಿ!”

“ಅಲ್ಲೋ ಕೊಟ್ರಪ್ಪ, ಬಿಳೇ ಪುಡಿಗೆ ಅಂಜಿ ಓಡಿ ಹೋಗೂ ದೇವರನ್ನ ಇಟಗೊಂಡು ನಾವೇನು ಮಾಡೂದು? ಇಷ್ಟ ದಿನ ನಾನು ದೇವರಂದ್ರ ಸಿಟ್ಟಿನ ದೇಸಾಯಿ ಅಂತ ತಿಳದಿದ್ದೆ. ಮನಸ್ಸಿಗೆ ಬಂದ್ರ ಕೊಟ್ಟ, ಸಿಟ್ಟು ಬಂದ್ರ ಕಸಗೊಂಡ. ಅಂವ ಅಷ್ಟ ಸಣ್ಣಾಂವ ಅಲ್ಲ. ಗುಂಗಾಡಕ್ಕ ರೆಕ್ಕಿ ಕೊಟ್ಟಾವನೂ ಅಂವನ, ಅದನ್ನ ಹಿಡಿದು ಎಣಿಸೂ ಬುದ್ಧಿ ಈ ನಜೀರಗ ಕೊಟ್ಟಾವನೂ ಅಂವನ. ಕಣ್ಣು ನನಗೂ ಕೊಟ್ಟಿದ್ದ. ನಾನು ತೆರದು ನೋಡಲಿಲ್ಲ.”

ನಜೀರಸಾಬ ಬರೆದುಕೊಂಡು, ಹೋಗಿ ಪಂಪ್ ತಂದು, ಕೆರವು ಬಿಟ್ಟು, ಕಾಲು ತೊಳೆದು, ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ಹೋದ. ಪಂಪಿನ ಸಪ್ಪಳ ಕೇಳಿ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಬರಲಿ ಎಂದುಕೊಂಡಳು ನೀಲಗಂಗವ್ವ. ಅಪವಾದ ಹಾಕಿದ್ದು ನಾಲ್ಕು ಮಂದಿಯ ಮುಂದೆ, ತೆಗೆಯುವುದೂ ಅವರ ಮುಂದೆಯೇ ಆಗಬೇಕು.

ಪಂಪ್ ಹೊಡೆಯುವಾಗ ಹಾಸಿಗೆ ಬಿಟ್ಟು ಬಂದು ಹೊರಗಟ್ಟೆಯ ಮೇಲೆ ಕೌದಿ ಹೊದ್ದು ಕುಳಿತಿದ್ದ ಸೊಸೆಯ ಹತ್ತಿರ ಹೋಗಿ ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. “ರೇಣುಕಾ, ನೀ ಏನೂ ತಪ್ಪು ಮಾಡಿಲ್ಲ. ದೇವರೂ ಮಾಡಿಲ್ಲ. ತಪ್ಪು ನಂದು. ನಾನು ನಿನ್ನ ಮ್ಯಾಲೂ ಸುಳ್ಳು ಹೇಳಿದೆ, ಅಂವನ ಮ್ಯಾಲೂ ಸುಳ್ಳು ಹೇಳಿದೆ.”

ನೀಲಗಂಗವ್ವ ತಪ್ಪೊಪ್ಪಿಕೊಂಡದ್ದನ್ನು ಆ ಓಣಿ ಹಿಂದೆಂದೂ ಕಂಡಿರಲಿಲ್ಲ. ರೇಣುಕವ್ವ ಕೌದಿ ಸರಿಸಿ ಅತ್ತೆಯ ಕಡೆ ತಿರುಗಿದಳು.

“ಹಂಗಾದ್ರ ಅತ್ತಿ,” ಎಂದಳು ಸಣ್ಣ ದನಿಯಲ್ಲಿ, “ಅವೆರಡಕ್ಕೂ ಈಗ ನಾ ಅಳಬಹುದ? ದೇವರು ಒಯ್ದದ್ದಕ್ಕ ಅಳಬಾರದು ಅಂತ ನೀವ ಅಂದಿದ್ರಿ.”

ನೀಲಗಂಗವ್ವ ಮಡಿಯಲ್ಲಿದ್ದಳು. ಮಡಿಯಲ್ಲಿದ್ದಾಗ ಅವಳು ಯಾರನ್ನೂ ಮುಟ್ಟಿದವಳಲ್ಲ. ಕಟ್ಟೆಯ ಮೇಲೆ ಕುಳಿತು, ಜ್ವರದಿಂದ ಸುಡುವ ಆ ತಲೆಯನ್ನು ಎದೆಗೆ ಒತ್ತಿಕೊಂಡು, ಓಣಿಯ ಕಡೆ ತಲೆಯೆತ್ತಿ ನೋಡುತ್ತ ಅಂದಳು:

“ಅಳವ್ವಾ. ನಾನೂ ಅಳ್ತೀನಿ.”