ಅಳದ ಕೂಸು

ಹಸಿರು, ಕಣ್ಣು ಮುಚ್ಚಿದರೂ ಹಸಿರು, ಕಿಟಕಿಯಾಚೆ ಜೋಳದ ಹೊಲವೋ ಇಲ್ಲಾ ನಿನ್ನೆ ಬೆಂಗಳೂರಿನ ಲ್ಯಾಬಿನಲ್ಲಿ ನೋಡಿದ ಲೇಸರ್ ಬೆಳಕು ಇನ್ನೂ ಕಣ್ಣಲ್ಲೇ ಕೂತಿದೆಯೋ, ಕುಳಗೇರಿ ಕ್ರಾಸ್, ಇಳಿಯೋರು ಲಗೂನ ಇಳೀರಿ, ಕಂಡಕ್ಟರನಿಗೆ ಏನು ಅವಸರ, ಅಷ್ಟು ಅವಸರವಿದ್ದರೆ ಬಸ್ಸು ಬಿಡಲಿ, ಡ್ರೈವರ್ ಚಹಾ ಕುಡಿಯಲು ಇಳಿದೇಬಿಟ್ಟ, ಇನ್ನು ಬಾದಾಮಿ, ಹುನಗುಂದ, ಆಮೇಲೆ ಇಳಕಲ್ಲು, ಅಲ್ಲಿ ಅವ್ವ, ಅವ್ವನ ಹತ್ತಿರ ನನ್ನ ಕೂಸು — ಹೆರಿಗೆ ರಜೆ ಮುಗಿದಾಗ ಅವ್ವ ತಾನೇ ಬಂದು ಒಯ್ದಳು, ನೌಕರಿ ಬಿಡಬ್ಯಾಡ ಸಾವಿತ್ರಿ, ನಾ ಇಲ್ಲೇನು, ನಿಮ್ಮನ್ನ ಬೆಳಸಿದಾಕಿಗೆ ಇದೊಂದು ಭಾರ ಆಕ್ಕೈತೇನು, ಹೋದ ವಾರ ಲಾಡಸಾಬನ ನೂಲಿನ ಅಂಗಡಿಯಿಂದ ಟ್ರಂಕ್ ಕಾಲ್, ಅವ್ವ ಫೋನಿನಲ್ಲಿ ಕೂಗುತ್ತಿದ್ದಳು, ಅಳೂದೇ ಇಲ್ಲವ್ವಾ, ಭಾಳ ಶಾಣ್ಯಾ ಐತಿ, ನಾ ಮಗ್ಗದಾಗ ಕುಂತ್ರ ಅದು ಮಲಗಿಬಿಡತೈತಿ, ನಾನು ಹಿಗ್ಗಿ ಹೀರೇಕಾಯಿಯಾದೆ, ಲ್ಯಾಬಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ, ನನ್ನ ಮಗ ಅಳುವುದೇ ಇಲ್ಲ ಅಂತ, ಥೂ ನನ್ನ ಬುದ್ಧಿಗೆ.

ನಿನ್ನೆ ಲ್ಯಾಬಿಗೆ ಬಂದದ್ದು ಹುನಗುಂದದ ಸಂತೆಯಲ್ಲಿ ಜಪ್ತಿ ಮಾಡಿದ ಪೊಟ್ಟಣ, ಪೊಲೀಸರ ಅರಗಿನ ಸೀಲು, ನಮ್ಮ ಕಡೆಯದು ಅಂತ ನಾನೇ ಮುಂದೆ ಬಿದ್ದು ಕೈಗೆತ್ತಿಕೊಂಡೆ, ಒಳಗೆ ಕಂದು ಬಣ್ಣದ ಸಣ್ಣ ಗುಳಿಗೆಗಳು, ಒಂದನ್ನು ಹಾಗೇ ಬೆಳಕಿಗಿಟ್ಟೆ, ಇಡಬಾರದು, ಗಾಢ ಬಣ್ಣದ ಮಾಲು ಲೇಸರಿಗೆ ಸುಟ್ಟುಹೋಗುತ್ತದೆ, ಗೊತ್ತಿದ್ದೂ ಇಟ್ಟೆ, ಎಳೆ ಹೊಗೆ ಎದ್ದಿತು, ಆ ವಾಸನೆ — ಅವ್ವನ ಕಿರುಬೆರಳು, ಜೇನುತುಪ್ಪ ಹಚ್ಚಿದ ಕಿರುಬೆರಳು, ಇಲ್ಲ ಇಲ್ಲ, ಇನ್ನೊಂದನ್ನು ಕರಗಿಸಿ ಸೋಸಿ ಒಣಗಿಸಿ, ಉಳಿದ ಬಿಳಿ ಪುಡಿಯನ್ನು ಗಾಜಿನ ನಳಿಕೆಗೆ ತುಂಬಿ ಮತ್ತೆ ಬೆಳಕು ಬಿಟ್ಟೆ, ಒಂದೊಂದು ವಸ್ತು ಒಂದೊಂದು ರೀತಿ ಆ ಬೆಳಕನ್ನು ಚೂರು ಬದಲಿಸಿ ತಿರುಗಿ ಕೊಡುತ್ತದೆ, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ, ಯಂತ್ರದ ಪೆನ್ನು ಕಾಗದದ ಮೇಲೆ ಏರಿತು, ಇಳಿಯಿತು, ಮಾರ್ಫಿನ್ನಿನ ಚಾರ್ಟನ್ನು ಅದರ ಮೇಲಿಟ್ಟೆ, ಗೆರೆಗೆ ಗೆರೆ ಕೂಡಿತು, ಮಾರ್ಫಿನ್ ಇದ್ದರೆ ಅದು ಅಫೀಮು, ಪೊಲೀಸ್ ಸಾಹೇಬರು ಭೇಷ್ ಮೇಡಂ ಅಂದರು, ಮಾದಕವಸ್ತುಗಳ ಹೊಸ ಕಾಯಿದೆಯಲ್ಲಿ ಕೇಸು ಪಕ್ಕಾ ಅಂದರು, ನಾನು ಆಗಲೇ ಫೋನಿನತ್ತ ಓಡಿದ್ದೆ.

ಸೀರೆಯ ಮೈಗೆ ಸೆರಗು ಕೂಡಿಸುವಾಗ ಅವ್ವ ಕೈ ಬಿಡುವ ಹಾಗಿಲ್ಲ, ಒಂದೊಂದು ಎಳೆಗೂ ಕೊಂಡಿ ಹಾಕಬೇಕು, ನಾನು ಚಿಕ್ಕವಳಿದ್ದಾಗ ತಮ್ಮ ಗುರಪ್ಪ ತೊಟ್ಟಿಲಲ್ಲಿ ಚೀರುತ್ತಿದ್ದ, ಅವ್ವ ಸಂತೆಯಿಂದ ತಂದ ಅಂಥದೇ ಕಂದು ಗುಳಿಗೆಯನ್ನು ಜೇನುತುಪ್ಪದಲ್ಲಿ ತೇಯ್ದು ಕಿರುಬೆರಳಿನಿಂದ ನೆಕ್ಕಿಸುತ್ತಿದ್ದಳು, ಓಣಿಯ ತಾಯಂದಿರೆಲ್ಲ ಹಾಗೇ, ಅದು ಅವರಿಗೆ ಕೂಸಿನ ಔಷಧ, ಒಂದು ಮಧ್ಯಾಹ್ನ ಸೆರಗು ಕೂಡಿಸಿ ಮುಗಿಸಿ ಅವ್ವ ಎದ್ದಳು, ಏಳೋ ಗುರಪ್ಪಾ, ಎಷ್ಟು ನಿದ್ದಿ ಅಂತೀನಿ, ಅವನು ಏಳಲಿಲ್ಲ, ದೃಷ್ಟಿ ತಾಗೇತಿ ಅಂದರು, ಶಿವ ಕರಕೊಂಡ ಅಂದರು, ಅವ್ವ ನಂಬಿದಳು, ನಾನೂ ನಂಬಿದೆ, ನಿನ್ನೆಯವರೆಗೆ ನಂಬಿದ್ದೆ — ನನ್ನ ಮಗನಿಗೂ ಅದೇ ಹೆಸರು ಇಡಿಸಿದಳು, ನನ್ನ ಗುರಪ್ಪ ತಿರುಗಿ ಬಂದಾನ ಅಂತ ಮುದ್ದಾಡಿದಳು, ಈಗ ಅವ್ವನಿಗೆ ಯಾವ ಬಾಯಿಂದ ಹೇಳಲಿ, ಹೇಳಿದರೆ ಅವ್ವ ಉಳಿಯುವುದಿಲ್ಲ, ಹೇಳದಿದ್ದರೆ ಕೂಸು ಉಳಿಯುವುದಿಲ್ಲ, ನಿನ್ನೆ ಎಷ್ಟು ಸಲ ಕಾಲ್ ಬುಕ್ ಮಾಡಿದರೂ ಲೈನು ಸಿಗಲಿಲ್ಲ, ಹೆದರಿಕೆಯಾಗುತ್ತಿದೆ, ಬಹಳ ಹೆದರಿಕೆಯಾಗುತ್ತಿದೆ, ಹುನಗುಂದ ಬಂತು, ಜನ ಹತ್ತುತ್ತಲೇ ಇದ್ದಾರೆ, ಜಾಗ ಎಲ್ಲಿದೆ, ಬಿಡಪ್ಪಾ ಬಸ್ಸು.

ಇಳಕಲ್ಲು, ಓಣಿಯ ತುಂಬ ಮಗ್ಗದ ಸದ್ದು, ಯಾವಾಗ ಬಂದ್ರಿ ಅಕ್ಕಾರ, ಅಂಗಡಿಯಿಂದ ಲಾಡಸಾಬ, ಉತ್ತರ ಕೊಡದೆ ಓಡುತ್ತೇನೆ, ಹೊಸ್ತಿಲು, ಅವ್ವ ಮಗ್ಗದ ಕುಣಿಯಲ್ಲಿ, ಬೆರಳ ತುಂಬ ಎಳೆ, ಹಗುರಕ ಬಾರವ್ವ, ಮಲಗ್ಯಾನ, ಎತ್ತಿಕೊಳ್ಳುತ್ತೇನೆ, ಕುತ್ತಿಗೆ ಜೋಲಿತು, ಉಸಿರಿದೆ, ಇದೆ, ಒಂದು ಉಸಿರಾದ ಮೇಲೆ ಇನ್ನೊಂದು ಬರುವುದೇ ಇಲ್ಲವೇನೋ ಅನ್ನಿಸುವಷ್ಟು ಹೊತ್ತು, ಏನ ಕೊಟ್ಟೀಬೇ ಅವ್ವಾ, ಏನೈತಿ, ಗುಳಿಗಿ, ಅಂದಳು ಅವ್ವ, ಇವತ್ತ ಸೆರಗು ಕೂಡಸೂದಿತ್ತು, ಒಂದ ಚೂರು ಹೆಚ್ಚ ತೇಯ್ದೆ, ನಿಮ್ಮನ್ನ ಎಲ್ಲಾರನೂ ಅದನ್ನ ಕೊಟ್ಟೇ ಬೆಳಸೀನಿ, ತಮ್ಮ ಗುರಪ್ಪಗೂ? ಕೇಳಬಾರದಿತ್ತು, ಕೇಳಿಬಿಟ್ಟೆ, ಅವ್ವನ ಬೆರಳುಗಳಿಂದ ಎಳೆಗಳು ಒಂದೊಂದಾಗಿ ಜಾರಿದವು, ಕೊಂಡಿ ಬಿಚ್ಚಿತು, ಅವ್ವ ನೋಡುತ್ತಿದ್ದಾಳೆ, ನನ್ನನ್ನಲ್ಲ, ಕೂಸನ್ನೂ ಅಲ್ಲ — ನಾನೇ ಕೂಗಿದೆ, ಲಾಡಸಾಬಾ, ಟಾಂಗಾ ತರಸೋ, ದವಾಖಾನಿಗೆ, ಲಗೂ, ಕೂಸಿನ ರೆಪ್ಪೆ ಎತ್ತಿದೆ, ಪಾಪೆ ಚುಕ್ಕಿಯಷ್ಟಾಗಿದೆ, ಸೂಜಿಮೊನೆಯ ಚುಕ್ಕಿ, ಅಫೀಮಿನ ಗುರುತು, ಟಾಂಗಾ ಬರುವಷ್ಟರಲ್ಲಿ ಒಳಕೋಣೆಯ ಕತ್ತಲಿಗೆ ಒಯ್ದೆ, ಕತ್ತಲಲ್ಲಿ ಪಾಪೆ ಅರಳಬೇಕು, ಅವ್ವ ಬಾಗಿಲಲ್ಲಿ ಕಂದೀಲು ಹಿಡಿದಿದ್ದಾಳೆ, ನಾನು ಕೂಸಿನ ಕೆನ್ನೆ ತಟ್ಟುತ್ತಿದ್ದೇನೆ, ಅಳೋ ಗುರಪ್ಪಾ, ಒಮ್ಮೆ ಅಳೋ ನಮ್ಮಪ್ಪಾ, ಮತ್ತೆ ರೆಪ್ಪೆ ಎತ್ತಿದೆ, ಚುಕ್ಕಿ, ಮತ್ತೆ ಎತ್ತಿದೆ, ಚುಕ್ಕಿ, ಅಷ್ಟೇ ಸಣ್ಣ ಕರಿ ಚುಕ್ಕಿ